ಗುಡ್ಡದ ಬೇಟೆಯಲ್ಲಿ ಸಾಮಾನು ಕಳೆದರೆ: ಒಂದೋ ಕೈಯಲ್ಲಿ, ಇಲ್ಲಾ ಕೊಕ್ಕೆಯಲ್ಲಿ

ನಮ್ಮ ಮಲೆನಾಡಿನ ಕಡೆ ತೋಟಕ್ಕೆ ಹೋಗುವವರ ಸೊಂಟದ ಹಿಂದೆ ಒಂದು ಕೊಕ್ಕೆ ಇರುತ್ತದೆ, ಕತ್ತಿ ಸಿಕ್ಕಿಸಿಕೊಳ್ಳೋದಕ್ಕೆ. ಅಜ್ಜ ಹೇಳುತ್ತಿದ್ದದ್ದು ಇಷ್ಟೇ: ಕತ್ತಿ ಒಂದೋ ಕೈಯಲ್ಲಿರಬೇಕು, ಇಲ್ಲಾ ಕೊಕ್ಕೆಯಲ್ಲಿರಬೇಕು, ಮೂರನೇ ಜಾಗ ಅಂತ ಇಲ್ಲ. ಚಿಕ್ಕವನಿದ್ದಾಗ ಇದು ಬೈಗುಳದ ಹಾಗೆ ಕೇಳುತ್ತಿತ್ತು. ಅಮೆರಿಕದ ಕೊಲೊರಾಡೊದಲ್ಲಿ ಹತ್ತು ಸಾವಿರ ಅಡಿ ಎತ್ತರದ ಗುಡ್ಡದಲ್ಲಿ ಎಲ್ಕ್ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ಬೇಟೆಗೆ ಹೋಗಿ, ಒಂದರ ಹಿಂದೆ ಒಂದು ಸಾಮಾನು ಕಳೆದುಕೊಂಡ ಮೇಲೆ ಅದರ ಅರ್ಥ ಆಯಿತು.

ಮೊದಲೇ ಒಂದು ಮಾತು. ಊರಲ್ಲಿರುವವರು ಇದನ್ನು ಓದಿ ಕೋವಿ ಹುಡುಕಬೇಡಿ. ಭಾರತದಲ್ಲಿ ವನ್ಯಜೀವಿ ಬೇಟೆ 1972ರ ಕಾಯ್ದೆಯ ಪ್ರಕಾರ ಅಪರಾಧ. ಇಲ್ಲಿ ಅಮೆರಿಕದಲ್ಲಿ ಅದು ಲೈಸೆನ್ಸ್, ಸೀಸನ್, ಲೆಕ್ಕ ಎಲ್ಲ ಇಟ್ಟುಕೊಂಡು ನಡೆಯುವ ಕೆಲಸ. ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಗಾರರ ತರಬೇತಿ ಮುಗಿಸಿರಲೇಬೇಕು. ಆದರೆ ಹುಡುಕುವ ವಿಷಯದಲ್ಲಿ ಬೇಟೆಗೂ ಚಾರಣಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಕುಮಾರ ಪರ್ವತ ಹತ್ತುವವರಿಗೂ ಅರ್ಧಕ್ಕರ್ಧ ಉಪಯೋಗಕ್ಕೆ ಬರುತ್ತದೆ.

ಹೊರಡುವ ಹಿಂದಿನ ರಾತ್ರಿ

ಒಂದು ಹಳೇ ಬೆಡ್‌ಶೀಟ್ ಹಾಸಿ. ತೆಗೆದುಕೊಂಡು ಹೋಗುವ ಅಷ್ಟೂ ಸಾಮಾನನ್ನು ಅದರ ಮೇಲೆ ಹರಡಿ, ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಮಾಡೋದಕ್ಕೆ ಎರಡು ನಿಮಿಷ ಸಾಕು. ಗುಡ್ಡದಲ್ಲಿ ಕೂತು "ಸಣ್ಣ ಟಾರ್ಚ್ ತಂದಿದ್ದೆನಾ, ಮನೆಯಲ್ಲೇ ಬಿಟ್ಟೆನಾ" ಅಂತ ತಲೆ ಕೆಡಿಸಿಕೊಳ್ಳುವಾಗ ಈ ಫೋಟೋ ಕಾಪಾಡುತ್ತದೆ. ನಾನು ಒಮ್ಮೆ ಕಾರಿನ ಸೀಟಿನ ಮೇಲೇ ಇದ್ದ ಗ್ಲೌಸಿಗಾಗಿ ಒಂದೂವರೆ ಗಂಟೆ ಕಾಡು ಸುತ್ತಿದ್ದೇನೆ. ರೈಫಲ್, ಬೈನಾಕ್ಯುಲರ್, ರೇಂಜ್‌ಫೈಂಡರ್ (ದೂರ ಅಳೆಯುವ ಸಾಧನ) ಇವುಗಳ ಸೀರಿಯಲ್ ನಂಬರಿನದೂ ಒಂದೊಂದು ಫೋಟೋ ಇರಲಿ.

ಆಮೇಲೆ ಬಣ್ಣ. ಬೇಟೆ ಸಾಮಾನು ತಯಾರಿಸುವವರು ಪ್ರತಿಯೊಂದಕ್ಕೂ ಯಾಕೆ ಕಾಡಿನ ಬಣ್ಣ ಬಳಿಯುತ್ತಾರೋ ನನಗಂತೂ ಗೊತ್ತಿಲ್ಲ. ಬಟ್ಟೆಗೆ ಸರಿ, ಚಾಕುವಿನ ಹಿಡಿಗೆ ಯಾಕೆ? ಸೆಪ್ಟೆಂಬರಿನಲ್ಲಿ ಇಲ್ಲಿ ಆಸ್ಪೆನ್ ಮರದ ಎಲೆಗಳು ಅರಿಶಿನದ ಬಣ್ಣಕ್ಕೆ ತಿರುಗಿ ನೆಲವೆಲ್ಲ ಹಳದಿ, ಕಂದು, ಬೂದು ಆಗಿರುತ್ತದೆ. ಅದರೊಳಗೆ ಮರದ ಹಿಡಿಯ ಚಾಕು ಬಿದ್ದರೆ ಕಾಲ ಬುಡದಲ್ಲಿದ್ದರೂ ಕಾಣುವುದಿಲ್ಲ. ಹಾಗಾಗಿ ಕಿತ್ತಳೆ ಬಣ್ಣದ ಟೇಪ್ ತಂದು ಚಾಕು, ರೇಂಜ್‌ಫೈಂಡರ್, ಕೋಲು, ನೀರಿನ ಬಾಟಲಿ ಎಲ್ಲಕ್ಕೂ ಸುತ್ತಿ. ಪ್ರಾಣಿಗೆ ಕಂಡುಬಿಡುತ್ತದೆ ಅನ್ನುವ ಭಯ ಬೇಡ. ಜಿಂಕೆ, ಎಲ್ಕ್ ಜಾತಿಯ ಪ್ರಾಣಿಗಳ ಕಣ್ಣಿಗೆ ಕಿತ್ತಳೆ ನಮಗೆ ಹೊಡೆದಂತೆ ಹೊಡೆಯುವುದಿಲ್ಲ. ಅದಕ್ಕೇ ರೈಫಲ್ ಸೀಸನ್ನಿನಲ್ಲಿ ಸೊಂಟದಿಂದ ಮೇಲೆ 500 ಚದರ ಇಂಚಿನಷ್ಟು ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣವನ್ನು ಹಾಕಲೇಬೇಕು, ತಲೆಗೂ ಅದೇ ಬಣ್ಣದ್ದು ಇರಬೇಕು ಅಂತ ಇಲ್ಲಿ ಕಾನೂನು ಇದ್ದರೂ ಬೇಟೆಗೆ ಏನೂ ಅಡ್ಡಿಯಾಗಿಲ್ಲ. ಬೆಳಕು ಬಿದ್ದರೆ ಹೊಳೆಯುವ ಟೇಪಿನ ಒಂದು ಸಣ್ಣ ತುಂಡನ್ನೂ ಪಕ್ಕದಲ್ಲಿ ಅಂಟಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಟೇಪಿನ ಮೇಲೆ ಅಳಿಸದ ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ಹೆಸರು ಬೇಕಿಲ್ಲ.

ಬ್ಲೂಟೂತ್ ಟ್ಯಾಗ್ ಹಾಕಿದರಾಯಿತಲ್ವಾ ಅಂತ ಕೇಳುವವರಿದ್ದಾರೆ. ಏರ್‌ಟ್ಯಾಗ್ ಥರದ್ದು ಎಲ್ಲಿದೆ ಅಂತ ಹೇಳಬೇಕಾದರೆ ಅದರ ಹತ್ತಿರ ಯಾರದಾದರೂ ಫೋನ್ ಹಾದುಹೋಗಬೇಕು. ವಿಮಾನ ನಿಲ್ದಾಣದಲ್ಲಿ ಸರಿ. ಐದಾರು ಮೈಲಿ ಒಳಗೆ, ಮನುಷ್ಯರೇ ಇಲ್ಲದ ಕಾಡಿನಲ್ಲಿ ಅದು ಸುಮ್ನೆ ಕೂತಿರುತ್ತದೆ. ಕಾರಿನ ಕೀಗೆ ಹಾಕಿ, ಬೇಡ ಅನ್ನಲ್ಲ. ಅದನ್ನೇ ನಂಬಬೇಡಿ ಅಷ್ಟೆ.

ಕಳೆಯುವುದು ಯಾವಾಗ

ನಡೆಯುತ್ತಾ ನಡೆಯುತ್ತಾ ಸಾಮಾನು ಬೀಳುವುದು ಕಡಿಮೆ. ನನ್ನ ಲೆಕ್ಕದಲ್ಲಿ ಕಳೆಯುವ ಸಂದರ್ಭಗಳು ಮೂರೇ. ಕೂತು ಎದ್ದಾಗ. ಬಟ್ಟೆ ಬಿಚ್ಚಿದಾಗ ಅಥವಾ ಹಾಕಿಕೊಂಡಾಗ. ಪ್ರಾಣಿ ಕಂಡು ಎದೆ ಡವಗುಟ್ಟಿ ಓಡಿದಾಗ. ಮೂರೂ ಒಟ್ಟಿಗೆ ಬಂದರಂತೂ ಕಥೆ ಮುಗಿಯಿತು.

ನನಗೆ ಬಂದಿದ್ದು ಹಾಗೇ. ಎರಡನೇ ವರ್ಷ, ಬಿಲ್ಲಿನ ಸೀಸನ್, ಸೆಪ್ಟೆಂಬರ್ ಮಧ್ಯ. ವೈಟ್ ರಿವರ್ ಅರಣ್ಯದ ಫ್ಲಾಟ್ ಟಾಪ್ಸ್ ಕಡೆ ಹೋಗಿದ್ದೆವು. ಅಲ್ಲಿ ದುಂಬಿ ಕೊರೆದು ಸತ್ತ ಸ್ಪ್ರೂಸ್ ಮರಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ, ನೂರು ಮೀಟರ್ ನಡೆಯಬೇಕಾದರೆ ಇಪ್ಪತ್ತು ಸಲ ಕಾಲೆತ್ತಿ ದಾಟಬೇಕು. ಬೆವರು ಬಂತು. ಬಿದ್ದ ಮರದ ಮೇಲೆ ಕೂತು, ಕುತ್ತಿಗೆಯ ರೇಂಜ್‌ಫೈಂಡರ್ ತೆಗೆದು ಪಕ್ಕಕ್ಕಿಟ್ಟು, ಒಳಗಿನ ಉಣ್ಣೆ ಅಂಗಿ ಬಿಚ್ಚುತ್ತಿದ್ದೆ. ಅಂಗಿ ಇನ್ನೂ ತಲೆಯ ಮೇಲಿದೆ, ಅಷ್ಟರಲ್ಲಿ ಕೆಳಗಿನ ಕಣಿವೆಯಿಂದ ಗಂಡು ಎಲ್ಕ್ ಕೂಗಿತು. ಆ ಕೂಗು ಕೇಳದವರಿಗೆ ಹೇಳಿದರೆ ಅರ್ಥವಾಗಲ್ಲ. ಅಷ್ಟು ದೊಡ್ಡ ಪ್ರಾಣಿಯ ಗಂಟಲಿನಿಂದ ಕೊಳಲಿನ ಹಾಗೆ ಸಣ್ಣ ಸ್ವರ ಏರಿಕೊಂಡು ಹೋಗಿ ಕೊನೆಗೆ ಕೆಮ್ಮಿದಂತೆ ಮುರಿಯುತ್ತದೆ. ಅಂಗಿಯನ್ನು ಬ್ಯಾಗಿಗೆ ತುರುಕಿ, ಬಿಲ್ಲು ಹಿಡಿದು ಇಳಿದೇ ಬಿಟ್ಟೆ. ಮೂರು ಗಂಟೆ ಆದ ಮೇಲೆ ದೂರ ಅಳೆಯೋಣ ಅಂತ ಎದೆ ತಡವಿದರೆ ಪಟ್ಟಿಯೇ ಇಲ್ಲ.

ಇದಕ್ಕೆ ಪರಿಹಾರ ಅಜ್ಜನ ಕೊಕ್ಕೆಯೇ. ಪ್ರತಿ ಸಾಮಾನಿಗೂ ಮೈಮೇಲೆ ಒಂದೇ ಒಂದು ಜಾಗ ಗೊತ್ತು ಮಾಡಿ. ಚಾಕು ಬಲಸೊಂಟ ಅಂದರೆ ಬಲಸೊಂಟ. ಕೈಯಿಂದ ಇಳಿದದ್ದು ನೇರ ಅಲ್ಲಿಗೇ ಹೋಗಬೇಕು. ಕಲ್ಲಿನ ಮೇಲೆ, ಮರದ ಮೇಲೆ, ತೊಡೆಯ ಮೇಲೆ ಅಂತ ಯಾವುದನ್ನೂ ಇಡಬೇಡಿ. ಇಡಲೇಬೇಕಾದ ಸಂದರ್ಭ ಬಂದರೆ ನಿಮ್ಮ ಟೋಪಿಯೊಳಗೆ ಇಡಿ. ಟೋಪಿ ಮರೆತು ಹತ್ತು ಹೆಜ್ಜೆ ಹೋದರೂ ತಲೆ ತಣ್ಣಗಾಗಿ ನೆನಪು ಬರುತ್ತದೆ.

ಎದ್ದ ಮೇಲೆ ಮೂರು ಹೆಜ್ಜೆ ಹಾಕಿ, ತಿರುಗಿ ಕೂತಿದ್ದ ಜಾಗ ನೋಡಿ. ಪ್ರತಿ ಸಲ. ಎಲ್ಕ್ ಕೂಗಿದರೂ ನೋಡಿ, ಅದು ಎರಡು ಸೆಕೆಂಡಿನಲ್ಲಿ ಎಲ್ಲೂ ಓಡಿಹೋಗಲ್ಲ.

ಬ್ಯಾಗನ್ನೇ ಬಿಟ್ಟು ಪ್ರಾಣಿಯ ಹತ್ತಿರ ಹೊಂಚಿಕೊಂಡು ಹೋಗುವವರು ಇನ್ನೂ ಹುಷಾರಾಗಿರಬೇಕು. "ಆ ದೊಡ್ಡ ಮರದ ಕೆಳಗೆ ಇಟ್ಟಿದ್ದೇನೆ" ಅನ್ನುವುದು ಗುರುತೇ ಅಲ್ಲ. ವಾಪಸ್ ಬರುವಾಗ ಎಲ್ಲ ಮರಗಳೂ ದೊಡ್ಡವೇ. ಫೋನಿನ ನಕ್ಷೆಯಲ್ಲಿ ಗುರುತು ಹಾಕಿ, ಕೊಂಬೆಗೆ ತಲೆಯ ಎತ್ತರದಲ್ಲಿ ಬಣ್ಣದ ಪಟ್ಟಿ ಕಟ್ಟಿ. ಐವತ್ತು ಹೆಜ್ಜೆ ಹೋದ ಮೇಲೆ ತಿರುಗಿ ಬ್ಯಾಗಿನ ಕಡೆಯ ಫೋಟೋ ಒಂದು ತೆಗೆಯಿರಿ, ವಾಪಸ್ ಬರುವಾಗ ಕಾಣುವ ನೋಟ ಅದೇ ತಾನೇ. ಹೆಡ್‌ಲ್ಯಾಂಪ್, ಬೆಂಕಿಪೊಟ್ಟಣ, ನೀರು, ಬೆಚ್ಚನೆಯ ಜಾಕೆಟ್, ಫೋನು ಈ ಐದನ್ನು ಮಾತ್ರ ಬ್ಯಾಗಿನಲ್ಲಿ ಬಿಡಬೇಡಿ. ರಾತ್ರಿ ಬ್ಯಾಗ್ ಸಿಗದಿದ್ದರೂ ಬೆಳಗಿನವರೆಗೆ ಬದುಕಿರಬೇಕಲ್ಲ.

ಇಲ್ಲ ಅಂತ ಗೊತ್ತಾದ ಕ್ಷಣ

ನಿಂತುಬಿಡಿ. ತಿರುಗಿ ಓಡಬೇಡಿ. ನಿಂತ ಜಾಗಕ್ಕೆ ನಕ್ಷೆಯಲ್ಲಿ ಗುರುತು ಹಾಕಿ, ಇದು "ಇಲ್ಲ ಅಂತ ಗೊತ್ತಾದ ಜಾಗ". ಆಮೇಲೆ ಕೂತು ನೀರು ಕುಡಿದು ಮೈಮೇಲಿನ ಎಲ್ಲ ಜೇಬು, ಬ್ಯಾಗಿನ ಎಲ್ಲ ಜಿಪ್ ಒಂದೊಂದಾಗಿ ನೋಡಿ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಬೇಟೆಗಾರರಲ್ಲಿ ಬಹಳ ಇದೆ. ರೇಂಜ್‌ಫೈಂಡರ್ ಪಟ್ಟಿ ಸರಿದು ಬೆನ್ನಿನ ಕಡೆ ಜಾಕೆಟ್ಟಿನ ಒಳಗೆ ನೇತಾಡುತ್ತಿರುತ್ತದೆ, ಮನುಷ್ಯ ಬೆಟ್ಟ ಹತ್ತಿ ಇಳಿಯುತ್ತಿರುತ್ತಾನೆ.

ನಿಜವಾಗಿಯೂ ಇಲ್ಲ ಅಂದರೆ ಗಡಿಯಾರ ನೋಡಿ. ಕತ್ತಲಾಗಲು ಎಷ್ಟು ಹೊತ್ತಿದೆ, ಮೋಡ ಹೇಗಿದೆ, ಕಾರಿನ ಹತ್ತಿರ ಹೋಗಲು ಎಷ್ಟು ಬೇಕು. ಹುಡುಕಾಟ ಇಷ್ಟು ಗಂಟೆಗೆ ನಿಲ್ಲಿಸುತ್ತೇನೆ ಅಂತ ಈಗಲೇ ತೀರ್ಮಾನ ಮಾಡಿ, ಫೋನಿನಲ್ಲಿ ಅಲಾರಂ ಇಡಿ. ಹುಡುಕುವಾಗ ಮನುಷ್ಯನಿಗೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಎತ್ತರದ ಗುಡ್ಡದಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು, ಸೆಪ್ಟೆಂಬರಿನಲ್ಲೇ ಹಿಮ ಎರಡೂ ಬರಬಹುದು. ಒಬ್ಬರೇ ಇದ್ದರೆ ಮನೆಗೆ ಒಂದು ಮೆಸೇಜ್ ಕಳಿಸಿ: ತಡವಾಗುತ್ತದೆ, ಇಲ್ಲಿದ್ದೇನೆ. ಸಿಗ್ನಲ್ ಇಲ್ಲದ ಕಡೆ ಇನ್‌ರೀಚ್ ಥರದ ಉಪಗ್ರಹ ಸಾಧನ ಇದ್ದರೆ ಅದರಿಂದಲೇ ಕಳಿಸಬಹುದು.

ಕೊನೆಯದಾಗಿ ಯಾವಾಗ ನೋಡಿದ್ದಿರಿ?

ಈಗ ಬೇಕಾಗಿರುವುದು ಇನ್ನೊಂದು ಜಾಗ, "ಇತ್ತು ಅಂತ ಖಂಡಿತ ಗೊತ್ತಿರುವ ಜಾಗ". ಕಳೆದದ್ದು ಈ ಎರಡು ಜಾಗಗಳ ನಡುವೆ ಇದೆ, ಬೇರೆಲ್ಲೂ ಇಲ್ಲ. ಇಲ್ಲಿ ನೆನಪನ್ನು ನಂಬಬೇಡಿ. "ಆ ತೊರೆ ದಾಟುವಾಗ ಇತ್ತು ಅನ್ನಿಸುತ್ತೆ" ಅನ್ನುವುದು ಬರೀ ಅನ್ನಿಸಿಕೆ. ಫೋಟೋ ನಂಬಿ.

ನಾನು ಅವತ್ತು ಸಂಜೆವರೆಗೆ ತೊರೆಯ ದಡ ಹುಡುಕಿ ಬರಿಗೈಯಲ್ಲಿ ಡೇರೆಗೆ ಬಂದೆ. ರಾತ್ರಿ ಅನ್ನ ಬೇಯುವ ಹೊತ್ತಿಗೆ ಜೊತೆಗಾರ ತನ್ನ ಫೋನಿನಲ್ಲಿ ಹಗಲಿನ ಫೋಟೋ ನೋಡುತ್ತಿದ್ದ. ಒಂದರಲ್ಲಿ ನಾನು ಹಲ್ಲು ಕಿರಿದು ನಿಂತಿದ್ದೇನೆ, ಎದೆಯ ಮೇಲೆ ಪಟ್ಟಿ ಸ್ಪಷ್ಟವಾಗಿ ಕಾಣುತ್ತಿದೆ. ಸಮಯ 10:42. ತೊರೆ ದಾಟಿ ಎಷ್ಟೋ ಹೊತ್ತಾದ ಮೇಲಿನ ಫೋಟೋ ಅದು! ಅಂದರೆ ಸಂಜೆಯೆಲ್ಲ ಇಲ್ಲದ ಕಡೆ ಹುಡುಕಿದ್ದೆ.

ಮುಂದಿನ ಕೆಲಸ ಫೋನಿನ ಟ್ರ್ಯಾಕ್ ಮಾಡಿತು. ಬೆಳಿಗ್ಗೆ ಹೊರಡುವಾಗಲೇ ನಕ್ಷೆಯ ಆ್ಯಪ್‌ನಲ್ಲಿ ನಡೆದ ದಾರಿ ದಾಖಲಿಸಲು ಹಾಕಿಬಿಡಿ. ನಕ್ಷೆ ಮೊದಲೇ ಇಳಿಸಿಕೊಂಡಿದ್ದರೆ ಏರೋಪ್ಲೇನ್ ಮೋಡಿನಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಚಳಿಗೆ ಬ್ಯಾಟರಿ ಬೇಗ ಕೂರುತ್ತದೆ, ಆದ್ದರಿಂದ ಫೋನ್ ಒಳಜೇಬಿನಲ್ಲಿರಲಿ. ಆ ಟ್ರ್ಯಾಕ್ ದೊಡ್ಡದು ಮಾಡಿ ನೋಡಿದರೆ ನಡೆದ ಕಡೆ ಗೆರೆ ನೇರ ಇರುತ್ತದೆ, ನಿಂತ ಅಥವಾ ಕೂತ ಕಡೆ ನೂಲು ಸಿಕ್ಕಾದಂತೆ ಒಂದು ಗಂಟು ಕಾಣುತ್ತದೆ. ನಾವು ಅಲುಗಾಡದಿದ್ದರೂ ಜಿಪಿಎಸ್ ಲೆಕ್ಕ ಅತ್ತಿತ್ತ ಓಲಾಡುವುದರಿಂದ ಆಗುವ ಗಂಟು ಅದು. 10:42 ಆದ ಮೇಲೆ ನನ್ನ ಗೆರೆಯಲ್ಲಿ ಎರಡೇ ಗಂಟುಗಳಿದ್ದವು.

ಮರುದಿನ ನೇರ ಎರಡನೇ ಗಂಟಿಗೆ ಹೋದೆವು. ಅದೇ ಮರ. ಮರದ ಮೇಲೆ ಏನೂ ಇಲ್ಲ. ದಟ್ಟ ಮರಗಳ ಕೆಳಗೆ ಜಿಪಿಎಸ್ ಹತ್ತಾರು ಮೀಟರ್ ತಪ್ಪಬಹುದು, ಹಾಗಾಗಿ ಅಕ್ಕಪಕ್ಕದ ಎರಡು ಮರಗಳನ್ನೂ ನೋಡಿದ್ದಾಯಿತು. ಕೊನೆಗೆ ಸಿಕ್ಕಿದ್ದು ಮೊದಲನೇ ಮರದ ಇಳಿಜಾರಿನ ಬದಿಯಲ್ಲಿ, ಅಡಿಯ ಸಂದಿನಲ್ಲಿ, ಪಾಚಿಯ ಮೇಲೆ ಬೆಚ್ಚಗೆ ಮಲಗಿತ್ತು.

ಹುಡುಕುವ ರೀತಿ

ಸಾಮಾನು ಬಿದ್ದ ಕಡೆ ನಿಲ್ಲುವುದಿಲ್ಲ, ಉರುಳುತ್ತದೆ. ಗುಡ್ಡದಲ್ಲಿ ಯಾವಾಗಲೂ ಇಳಿಜಾರಿನ ಕಡೆ ಮೊದಲು ನೋಡಿ: ಬಂಡೆಯ ಕೆಳಬದಿ, ಮರದ ಕೆಳಬದಿ, ಬೇರಿನ ಸಂದು.

ಹೋದ ದಾರಿಯಲ್ಲೇ ವಾಪಸ್ ನಡೆಯಿರಿ. ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದೆ ತಿರುಗಿ ನೋಡಿ. ಬರುವಾಗ ಕಲ್ಲಿನ ಮರೆಯಲ್ಲಿದ್ದದ್ದು ತಿರುಗಿದಾಗ ಕಾಣುತ್ತದೆ. ನಡೆಯುತ್ತಾ ಹುಡುಕಬೇಡಿ. ನಡೆಯುವಾಗ ಕಣ್ಣು ಕಾಲಿಡುವ ಜಾಗ ನೋಡುತ್ತದೆ, ಸಾಮಾನನ್ನಲ್ಲ. ನಿಲ್ಲಿ, ನೋಡಿ, ಆಮೇಲೆ ನಡೆಯಿರಿ. ಗಂಟಿನ ಜಾಗದಲ್ಲಿ ಮಂಡಿಯೂರಿ ನೆಲದ ಮಟ್ಟಕ್ಕೆ ಕಣ್ಣು ತನ್ನಿ. ನೀವು ಅವತ್ತು ಕೂತ ಹಾಗೇ ಕೂತು, ಕೈ ಹೇಗೆ ಹೋಗಿತ್ತೋ ಹಾಗೇ ಚಾಚಿ ನೋಡಿ. ನಗಬೇಡಿ, ಮೈಗೆ ನೆನಪಿರುತ್ತದೆ.

ಇಬ್ಬರಿದ್ದರೆ ಒಬ್ಬರು ಕಾಲುದಾರಿಯ ಎಡಕ್ಕೆ, ಒಬ್ಬರು ಬಲಕ್ಕೆ. ಹುಡುಕಿ ಮುಗಿಸಿದ ಜಾಗದ ಮೂಲೆಗಳಿಗೆ ಬಣ್ಣದ ಪಟ್ಟಿ ಕಟ್ಟಿ, ಇಲ್ಲದಿದ್ದರೆ ನೋಡಿದ ಜಾಗವನ್ನೇ ನಾಲ್ಕು ಸಲ ನೋಡುತ್ತೀರಿ. ಹೊರಡುವಾಗ ಪಟ್ಟಿ ಬಿಚ್ಚಿಕೊಂಡು ಹೋಗಿ, ಕಾಡಿಗೆ ತೋರಣ ಕಟ್ಟೋದು ಬೇಡ.

ಮುಸ್ಸಂಜೆ ಆಗಿಬಿಟ್ಟರೆ ಅದೂ ಒಂದು ರೀತಿ ಒಳ್ಳೆಯದೇ. ಹೊಳೆಯುವ ಟೇಪ್ ಅಂಟಿಸಿ ಅಂದಿದ್ದೆನಲ್ಲ, ಈಗ ಅದರ ಕೆಲಸ. ಹೆಡ್‌ಲ್ಯಾಂಪನ್ನು ಕಣ್ಣಿನ ಪಕ್ಕವೇ ಹಿಡಿದು ನಿಧಾನವಾಗಿ ತಿರುಗಿಸಿದರೆ ಟೇಪಿನ ಚೂರು ಬೆಕ್ಕಿನ ಕಣ್ಣಿನಂತೆ ಮಿನುಗುತ್ತದೆ. ಟೇಪ್ ಇಲ್ಲದ್ದಾದರೆ ಲ್ಯಾಂಪನ್ನು ನೆಲದ ಹತ್ತಿರ ಅಡ್ಡವಾಗಿ ಹಿಡಿಯಿರಿ. ನೆರಳು ಉದ್ದ ಬಿದ್ದು ನೆಲದ ಸ್ವಂತದ್ದಲ್ಲದ ಆಕಾರ ಎದ್ದು ಕಾಣುತ್ತದೆ. ಕತ್ತಲಲ್ಲಿ ದಾರಿ ಗೊತ್ತಿದ್ದರೆ ಮಾತ್ರ ಇದನ್ನು ಮಾಡಿ.

ಬಾಣ ಬೇರೆ ಥರ

ಗುರಿ ತಪ್ಪಿದ ಬಾಣ ಹುಲ್ಲಿನಲ್ಲಿ ನೆಟ್ಟಗೆ ನಿಂತಿರುತ್ತದೆ ಅಂದುಕೊಂಡವರು ಸಿನಿಮಾ ಜಾಸ್ತಿ ನೋಡಿದ್ದಾರೆ. ಅದು ನೆಲಕ್ಕೆ ಸಮನಾಗಿ ಹಾವಿನಂತೆ ಹುಲ್ಲಿನ ಬುಡಕ್ಕೆ ನುಸುಳಿ ಹೋಗಿರುತ್ತದೆ. ಬಿಟ್ಟ ತಕ್ಷಣ ಜಾಗದಿಂದ ಕದಲಬೇಡಿ. ನಿಂತಲ್ಲಿ ಪಟ್ಟಿ ಕಟ್ಟಿ, ಪ್ರಾಣಿ ನಿಂತಿದ್ದ ಜಾಗಕ್ಕೆ ದಿಕ್ಸೂಚಿ ಹಿಡಿದು ದಿಕ್ಕು ಬರೆದುಕೊಳ್ಳಿ, ಅದೇ ಗೆರೆಯಲ್ಲಿ ಪ್ರಾಣಿ ನಿಂತಿದ್ದ ಜಾಗವನ್ನೂ ದಾಟಿ ಮುಂದೆ ಹುಡುಕಿ. ಬರಿಗೈಯಲ್ಲಿ ಹುಲ್ಲು ಕೆದಕಬೇಡಿ, ಬಾಣದ ತುದಿ ಬ್ಲೇಡಿನಷ್ಟು ಹರಿತ. ಕೋಲಿನಿಂದ ಹುಲ್ಲನ್ನು ಗೆರೆಗೆ ಅಡ್ಡವಾಗಿ ಬಾಚುತ್ತಾ ಹೋಗಿ.

ಬಾಣ ಹುಡುಕುವುದು ದುಡ್ಡಿಗಲ್ಲ. ಅದರ ಮೇಲೆ ರಕ್ತ, ಕೂದಲು ಇದೆಯಾ ನೋಡಿದರೆ ಪ್ರಾಣಿಗೆ ತಗುಲಿತಾ ಇಲ್ಲವಾ ತಿಳಿಯುತ್ತದೆ. ಗಾಯಗೊಂಡಿರಬಹುದಾದ ಪ್ರಾಣಿಯನ್ನು ಹುಡುಕುವ ನ್ಯಾಯವಾದ ಪ್ರಯತ್ನ ಮಾಡದೆ ಬಿಟ್ಟು ಹೋಗುವುದು ಇಲ್ಲಿ ಅಪರಾಧ. ಸಿಕ್ಕಿದ ಕಾರ್ಬನ್ ಬಾಣವನ್ನು ಬಗ್ಗಿಸಿ ಬಿರುಕು ನೋಡದೆ ಮತ್ತೆ ಬಿಲ್ಲಿಗೆ ಏರಿಸಬೇಡಿ.

ಸಿಗದಿದ್ದರೆ ಬೇಜಾರು ಬೇಡ. ನಾರ್ವೆಯ ಲಾಂಗ್‌ಫೊನ್ನೆ ಅನ್ನುವ ಕಡೆ ಹಿಮ ಕರಗಿದಂತೆಲ್ಲ ಹಿಮಸಾರಂಗದ ಬೇಟೆಗಾರರು ಕಳೆದುಕೊಂಡ 68 ಬಾಣಗಳು ಹೊರಬಂದಿವೆ, ಅತಿ ಹಳೆಯದಕ್ಕೆ ಸುಮಾರು 6000 ವರ್ಷ. ಅವರೂ ಹುಡುಕಿಯೇ ಇರುತ್ತಾರೆ.

ಚಾಕು, ಕೀ, ಟ್ಯಾಗ್, ಕೋವಿ

ಬೇಟೆ ಬಿದ್ದ ಮೇಲೆ ಮಾಂಸ ಬಿಡಿಸುವ ಹೊತ್ತು ಚಾಕು ಕಳೆಯುವ ಹೊತ್ತು. ಕೈ ರಕ್ತ, ಕತ್ತಲು, ಚಳಿ, ಇನ್ನೂರು ಕಿಲೋಗಿಂತ ಭಾರದ ಪ್ರಾಣಿಯನ್ನು ಇಬ್ಬರೇ ಹೊರಳಿಸಬೇಕು. ಮೊದಲೇ ಒಂದು ಬಿಳಿ ಬಟ್ಟೆಯನ್ನೋ ಪ್ಲಾಸ್ಟಿಕ್ಕನ್ನೋ ಹಾಸಿ, ಚಾಕು ಅದರ ಮೇಲೆ ಮಾತ್ರ. ಬ್ಲೇಡ್ ಬದಲಿಸುವ ಚಾಕುವಾದರೆ ಹಳೇ ಬ್ಲೇಡುಗಳನ್ನು ಖಾಲಿ ಮಾತ್ರೆ ಡಬ್ಬಿಗೆ ಹಾಕಿ, ಕೊನೆಗೆ ಎಣಿಸಿ. ಲೆಕ್ಕಕ್ಕೆ ಬಾರದ ಬ್ಲೇಡ್ ಮಾಂಸದೊಳಗೇ ಇರಬಹುದು.

ಕಾರಿನ ಕೀಯನ್ನು ಬ್ಯಾಗಿನ ಒಳಗಿನ ಕೊಂಡಿಗೆ ಸಿಕ್ಕಿಸಿದ ಮೇಲೆ ವಾಪಸ್ ಬರುವವರೆಗೆ ಮುಟ್ಟಬೇಡಿ. ಇನ್ನೊಂದು ಕೀ ಜೊತೆಗಾರನ ಹತ್ತಿರ ಇರಲಿ.

ಲೈಸೆನ್ಸಿನ ಕಾಗದ ಕಳೆದರೆ ಬೇಟೆ ಅಲ್ಲಿಗೇ ನಿಲ್ಲಿಸಿ. ಹೊಡೆದ ಪ್ರಾಣಿಗೆ ಕಟ್ಟಬೇಕಾದ ಟ್ಯಾಗ್ ಅದರಲ್ಲೇ ಇರುತ್ತದೆ. ಕೆಳಗಿಳಿದು ವನ್ಯಜೀವಿ ಇಲಾಖೆಯವರನ್ನು ಕೇಳಿ, ನಕಲು ಪ್ರತಿ ಕೈಗೆ ಬಂದ ಮೇಲೆ ಮುಂದಿನ ಮಾತು.

ಕೋವಿ ಕಳೆದರೆ ಅದು ಬರೀ ನಿಮ್ಮ ನಷ್ಟ ಅಲ್ಲ. ಕೊಲೊರಾಡೊದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನಂತೆ ಕೋವಿ ಕಳೆದದ್ದು ಗೊತ್ತಾದ 5 ದಿನದೊಳಗೆ ಪೊಲೀಸರಿಗೆ ತಿಳಿಸಬೇಕು. ಸೀರಿಯಲ್ ನಂಬರಿನ ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೋವಿಯನ್ನು ಯಾರು ಮರೆಯುತ್ತಾರೆ ಅಂತ ನಗಬೇಡಿ. ನೆವಾಡಾದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ 2014ರಲ್ಲಿ ಪುರಾತತ್ವದವರಿಗೆ ಒಂದು ಜುನಿಪರ್ ಮರಕ್ಕೆ ಒರಗಿಸಿಟ್ಟ ವಿಂಚೆಸ್ಟರ್ ರೈಫಲ್ ಸಿಕ್ಕಿತು. ತಯಾರಾದದ್ದು 1882ರಲ್ಲಿ. ಮರದ ಹಿಡಿ ಬಿಸಿಲಿಗೆ ಬೂದುಗಟ್ಟಿ, ಬುಡ ಮಣ್ಣಿನಲ್ಲಿ ಹೂತು, ಮರದ ಬಣ್ಣಕ್ಕೇ ತಿರುಗಿತ್ತು. ಯಾರೋ ಒರಗಿಸಿಟ್ಟು ಆ ಕಡೆ ಹೋದರು, ಯಾಕೆ ಹೋದರೋ ಯಾಕೆ ಬರಲಿಲ್ಲವೋ ಯಾರಿಗೂ ಗೊತ್ತಿಲ್ಲ. ಕೋವಿ ಮರಕ್ಕೆ ಒರಗಿಸಬೇಡಿ ಅಂತ ಜೊತೆಗಾರನಿಗೆ ಹೇಳಬೇಕಾದಾಗೆಲ್ಲ ನಾನು ಈ ಕಥೆ ತೆಗೆಯುತ್ತೇನೆ.

ಬೇರೆಯವರದ್ದು ಸಿಕ್ಕಿದರೆ

ಟೋಪಿ, ಗ್ಲೌಸ್, ಬಾಟಲಿ ಇಂಥದ್ದನ್ನು ಕಾಲುದಾರಿ ಶುರುವಾಗುವ ಕಡೆ ಕಣ್ಣಿಗೆ ಬೀಳುವಂತೆ ನೇತುಹಾಕಿ. ಬೆಲೆಬಾಳುವ ಬೈನಾಕ್ಯುಲರ್ ಥರದ್ದಾದರೆ ಸಿಕ್ಕ ಜಾಗ ಗುರುತು ಮಾಡಿ ಅರಣ್ಯ ಇಲಾಖೆಯ ಹತ್ತಿರದ ಕಚೇರಿಗೆ ಕೊಡಿ. ಕೋವಿ ಸಿಕ್ಕಿದರೆ ಮುಟ್ಟಬೇಡಿ, ಗುಂಡು ತುಂಬಿರಬಹುದು. ಜಾಗ ಗುರುತು ಮಾಡಿ ಶೆರಿಫ್ (ಇಲ್ಲಿನ ಸ್ಥಳೀಯ ಪೊಲೀಸ್ ಅಧಿಕಾರಿ) ಕಚೇರಿಗೆ ತಿಳಿಸಿ. ಕಲ್ಲಿನ ಬಾಣದ ತುದಿಯಂಥ ಹಳೇ ವಸ್ತು ಕಂಡರೆ ಫೋಟೋ ತೆಗೆದು ಅಲ್ಲೇ ಬಿಡಿ. ಸರ್ಕಾರಿ ಅರಣ್ಯದಿಂದ ಅದನ್ನು ಎತ್ತಿಕೊಂಡು ಬರುವಂತಿಲ್ಲ.

ಸಿಗಲೇ ಇಲ್ಲ ಅಂದರೆ

ಅಲಾರಂ ಹೊಡೆದಾಗ ನಿಲ್ಲಿಸಿ ಇಳಿಯಿರಿ. ಹುಡುಕಿದ ಜಾಗದ ಟ್ರ್ಯಾಕ್ ಅಳಿಸಬೇಡಿ. ಹಿಮ ಬಿದ್ದರೆ ಆ ವರ್ಷಕ್ಕೆ ಮುಗಿಯಿತು, ಆದರೆ ಜೂನ್ ಕೊನೆಗೆ ಇನ್ನೊಂದು ಅವಕಾಶ ಇರುತ್ತದೆ. ಹಿಮ ಕರಗಿದ ಹೊಸದರಲ್ಲಿ ಹಳೇ ಹುಲ್ಲು ಚಾಪೆಯಂತೆ ಮಲಗಿರುತ್ತದೆ, ಹೊಸದು ಇನ್ನೂ ಎದ್ದಿರುವುದಿಲ್ಲ. ಅಕ್ಟೋಬರಿನಲ್ಲಿ ಕಾಣದೇ ಇದ್ದದ್ದು ಆಗ ಕಾಣುತ್ತದೆ.

ಜೊತೆಗಾರನ ಚಾಕು ಹಾಗೆ ಕಳೆದಿತ್ತು, ಅವನ ಮಾವ ಕೊಟ್ಟದ್ದು, ಟೇಪ್ ಸುತ್ತಲು ಮನಸ್ಸು ಬಂದಿರಲಿಲ್ಲ. ಜೂನಿನಲ್ಲಿ ಅದಕ್ಕೆಂದೇ ಒಂದು ಶನಿವಾರ ಹತ್ತಿದೆವು. ಚಾಕು ಸಿಗಲಿಲ್ಲ. ನಾನೇ ಕಳೆದ ವರ್ಷ ಬೀಳಿಸಿದ್ದ, ಕಳೆದಿದೆ ಅಂತಲೂ ಗೊತ್ತಿರದಿದ್ದ ಎಡಗೈ ಗ್ಲೌಸ್ ಸಿಕ್ಕಿತು. ಬಲಗೈಯದ್ದನ್ನು ಅಷ್ಟು ಹೊತ್ತಿಗೆ ಎಸೆದಾಗಿತ್ತು.